ಬಡವರು, ಆದರೆ ನಗುತ್ತಾರೆ

ಬಡ ದ್ವೀಪದೇಶವೊಂದಕ್ಕೆ ಹೋಗಿಬಂದ ಕನ್ನಡದ ಪ್ರವಾಸಿ ಬರೆಯುವ ಲೇಖನದ ಮೊದಲ ಪ್ಯಾರಾ ನನಗೆ ಬಾಯಿಪಾಠವಾಗಿದೆ. ವಿಮಾನದ ಕಿಟಕಿಯಿಂದ ಕಾಣುವ ನೀಲಿ ನೀರು, ಅದರ ನಡುವೆ ಒಂದು ಹಸಿರು ಚುಕ್ಕಿ. ಇಳಿದ ಮೇಲೆ ಪುಟ್ಟ ವಿಮಾನ ನಿಲ್ದಾಣ, ಅವಸರವಿಲ್ಲದ ಅಧಿಕಾರಿ, ಹಳೆಯ ಟ್ಯಾಕ್ಸಿ. ರಸ್ತೆಯ ಎರಡೂ ಬದಿಗೆ ತೆಂಗಿನ ಮರ, ತಗಡಿನ ಮಾಡು, ಬರಿಗಾಲಿನ ಮಕ್ಕಳು. ನಾಲ್ಕನೆಯದೋ ಐದನೆಯದೋ ವಾಕ್ಯದಲ್ಲಿ ಕಾಲ ನಿಂತುಹೋಗುತ್ತದೆ. ಆಮೇಲೆ ಬರುತ್ತದೆ ಆ ಇನ್ನೊಂದು ವಾಕ್ಯ. ಅದಿಲ್ಲದೆ ಇಂಥ ಲೇಖನ ಮುಗಿದದ್ದನ್ನು ನಾನು ಕಂಡಿಲ್ಲ: ಇವರು ಬಡವರು, ಆದರೆ ನಗುತ್ತಾರೆ.

ಶ್ರೀಲಂಕೆ, ಮಾಲ್ಡೀವ್ಸ್, ಮಡಗಾಸ್ಕರ್, ಕ್ಯೂಬಾ. ದೇಶ ಯಾವುದಾದರೂ ಆಗಬಹುದು, ಪ್ಯಾರಾ ಬದಲಾಗುವುದಿಲ್ಲ. ಕಳೆದ ವರ್ಷ ಇಂಥದೊಂದು ಲೇಖನದಿಂದ ದೇಶದ ಹೆಸರನ್ನೂ ವಿಮಾನದ ಸಾಲನ್ನೂ ತೆಗೆದುಹಾಕಿ, ನಾನು ಪಾಠ ಮಾಡುವ ಬಿ.ಎ. ತರಗತಿಯಲ್ಲಿ ಓದಿ ಹೇಳಿದೆ. ಇದು ಯಾವ ಊರಿನ ವರ್ಣನೆ ಅಂತ ಕೇಳಿದೆ. ಒಬ್ಬ ಗೋಕರ್ಣ ಅಂದ. ಇಬ್ಬರು ಮಾಜಾಳಿ ಅಂದರು. ಹಿಂದಿನ ಬೆಂಚಿನ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಇದು ಕೇಣಿ ಅಲ್ವಾ?" ಅಂದಳು. ಅವಳೂ ನನ್ನ ಹಾಗೆ ಕೇಣಿಯವಳೇ. ಅಂಕೋಲೆ ಪೇಟೆಯಿಂದ ಕಡಲ ಕಡೆ ಹೊರಟರೆ ಸಿಗುವ ಮೀನುಗಾರರ ಊರು ನಮ್ಮದು. ಸಾವಿರಾರು ಮೈಲು ದೂರದ ದ್ವೀಪವೊಂದರ ಬಗ್ಗೆ ಬರೆದದ್ದರಲ್ಲಿ ಅವಳಿಗೆ ತನ್ನ ಮನೆಯ ಅಂಗಳ ಕಂಡಿತು. ಆ ಲೇಖನದಲ್ಲಿ ದ್ವೀಪದ ಬಗ್ಗೆ ಏನೂ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ನೀವು ಆ ದೇಶಕ್ಕೆ ಹೋಗಿದ್ದೀರಾ, ಹೋಗದೆ ಹೇಗೆ ಮಾತಾಡುತ್ತೀರಿ ಅಂತ ಕೇಳಬಹುದು. ನಾನು ಹೋಗಿಲ್ಲ. ಆದರೆ ಆ ಲೇಖನದೊಳಗೆ ನಾನು ಹುಟ್ಟಿ ಬೆಳೆದಿದ್ದೇನೆ. ನಮ್ಮೂರ ಕಡಲದಂಡೆಗೆ ಬಂದು ಎರಡು ತಾಸು ಇದ್ದು ಹೋದವರು ಬರೆದದ್ದನ್ನು ಓದುತ್ತ ಬಂದಿದ್ದೇನೆ. ಆದ್ದರಿಂದ ಮೊದಲ ನೋಟಕ್ಕೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅನ್ನುವುದನ್ನು ಆಚೆ ಕಡೆಯಿಂದ ಹೇಳಬಲ್ಲೆ.

ಜೂನ್ ತಿಂಗಳಲ್ಲಿ ಬಂದವನಿಗೆ ದೋಣಿಗಳೆಲ್ಲ ದಂಡೆಯ ಮೇಲೆ, ಮಡಲಿನ ಕೆಳಗೆ ಮಲಗಿರುವುದು ಕಾಣುತ್ತದೆ. ಗಂಡಸರು ಚಪ್ಪರದಡಿ ಕೂತು ಹರಟುತ್ತಿರುತ್ತಾರೆ. ಅವನು ಬರೆಯುತ್ತಾನೆ: ಇಲ್ಲಿಯವರಿಗೆ ನಾಳೆಯ ಚಿಂತೆಯಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮರಿಮಾಡುವ ಕಾಲವೆಂದು ಸರ್ಕಾರವೇ ನಿಲ್ಲಿಸಿರುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ. ಚಪ್ಪರದಡಿ ಕೂತವರ ಕೈಗಳನ್ನು ಅವನು ನೋಡಿದ್ದರೆ, ಹರಟೆಯ ಜೊತೆ ಜೊತೆಗೇ ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದದ್ದು ಕಾಣುತ್ತಿತ್ತು. ಜನವರಿಯಲ್ಲಿ ಬಂದವನಿಗೆ ಬೆಳಗಿನ ಹತ್ತು ಗಂಟೆಗೆ ಜಗಲಿಯ ಮೇಲೆ ನಿದ್ದೆಹೋದ ಗಂಡಸರು ಕಾಣುತ್ತಾರೆ. ಅವರು ರಾತ್ರಿಯೆಲ್ಲ ನೀರಿನ ಮೇಲಿದ್ದು ಬೆಳಗ್ಗೆ ಬಂದವರು. ನಿದ್ದೆ ಕಾಣುತ್ತದೆ, ರಾತ್ರಿ ಕಾಣುವುದಿಲ್ಲ.

ನಗುವಿನ ವಿಷಯಕ್ಕೂ ಬರುತ್ತೇನೆ. ನಮ್ಮ ಆಯಿ ಅಂಕೋಲೆಯಲ್ಲಿ ಮೀನು ಮಾರುತ್ತಾಳೆ. ಕೆಲವು ವರ್ಷಗಳ ಹಿಂದೆ ಯಾರೋ ಅವಳ ಫೋಟೋ ತೆಗೆದು, ಕೆಳಗೆ 'ಬಡತನದ ನಡುವೆಯೂ ಮಾಸದ ನಿಷ್ಕಲ್ಮಷ ನಗು' ಅಂತ ಬರೆದು ಹಾಕಿದ್ದು ಊರೆಲ್ಲ ಸುತ್ತಿ ನನ್ನ ಮೊಬೈಲಿಗೂ ಬಂತು. ಆಯಿಗೆ ತೋರಿಸಿ, ಯಾಕೆ ನಗುತ್ತಿದ್ದೆ ಅಂತ ಕೇಳಿದೆ. ಅವಳಿಗೆ ಆ ಗಿರಾಕಿ ನೆನಪಿದ್ದ. "ಹೇಳಿದ ರೇಟಿಗೇ ಕೊಟ್ಬಿಟ್ಟ ಮಗಾ. ಒಂದು ಮಾತು ಚೌಕಾಶಿ ಮಾಡ್ಲಿಲ್ಲ. ನಗು ಬರದೇ ಏನು ಮಾಡ್ತದೆ?" ಅಂದಳು. ವ್ಯಾಪಾರ ಗಿಟ್ಟಿದ ಹೆಂಗಸಿನ ನಗು ಅದು. ಬಡವರ ಆತ್ಮ ಹೇಗಿರುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕೊಲಂಬೊದ ಆಟೋದವನ ನಗುವೂ ಮಾಲೆಯ ಹೋಟೆಲ್ ಹುಡುಗನ ನಗುವೂ ಬಹುಮಟ್ಟಿಗೆ ಇದೇ ಜಾತಿಯದು ಎಂದು ನನ್ನ ಗುಮಾನಿ. ಗಿರಾಕಿಯ ಮುಂದೆ ಯಾವ ದೇಶದ ವ್ಯಾಪಾರಿಯೂ ಮುಖ ಗಂಟಿಕ್ಕಿಕೊಳ್ಳುವುದಿಲ್ಲ. ನಮ್ಮೂರ ಹುಡುಗನೊಬ್ಬ ಮೊದಲ ಸಲ ಬೆಂಗಳೂರಿಗೆ ಹೋಗಿ ಎರಡು ದಿನ ಇದ್ದು ಬಂದು, 'ಇವರು ಶ್ರೀಮಂತರು, ಆದರೆ ನಗುವುದಿಲ್ಲ' ಅಂತ ಒಂದು ಲೇಖನ ಬರೆದರೆ ಯಾರಾದರೂ ಪ್ರಕಟಿಸುತ್ತಾರೆಯೇ? ಪ್ರಕಟಿಸಿದರೂ ಅದನ್ನು ಹಾಸ್ಯದ ಪುಟಕ್ಕೆ ಹಾಕುತ್ತಾರೆ. ಬಡವನ ಕಡೆಯಿಂದ ಹೊರಟ ಮೊದಲ ನೋಟ ತಮಾಷೆ, ಬಡವನ ಕಡೆಗೆ ಹೊರಟದ್ದು ಪ್ರವಾಸ ಸಾಹಿತ್ಯ.

ಇನ್ನು 'ಬಡ' ಅನ್ನುವ ಮಾತು. ನಮ್ಮವರು ಅತಿ ಹೆಚ್ಚು ಬರೆಯುವ ದ್ವೀಪದೇಶ ಶ್ರೀಲಂಕೆ. 2022ರ ಏಪ್ರಿಲಿನಲ್ಲಿ ಅದು ಹೊರಗಿನ ಸಾಲ ತೀರಿಸಲಾಗದೆ ಕೈಚೆಲ್ಲಿತು. ಪೆಟ್ರೋಲಿಗೆ, ಅಡುಗೆ ಅನಿಲಕ್ಕೆ ಮೈಲುದ್ದದ ಸಾಲು ನಿಂತದ್ದು, ಅಧ್ಯಕ್ಷರು ದೇಶ ಬಿಟ್ಟು ಓಡಿದ್ದು ಎಲ್ಲ ನಾವು ಟಿವಿಯಲ್ಲಿ ನೋಡಿದ್ದೇವೆ. ಆಮೇಲೆ ನಮ್ಮ ಒಂದು ರೂಪಾಯಿಗೆ ಅವರ ಮೂರು ರೂಪಾಯಿಗೂ ಮಿಕ್ಕಿ ಸಿಗತೊಡಗಿತು. ಇಲ್ಲಿಂದ ಹೋದ ಮೇಷ್ಟರಿಗೂ ಬ್ಯಾಂಕಿನ ಗುಮಾಸ್ತರಿಗೂ ಒಮ್ಮೆಲೇ ತಾವು ಸಾಹುಕಾರರು ಅನ್ನಿಸಿತು. ಆ ಸುಖದಲ್ಲಿ ಅವರು ಬರೆದರು: ಪಾಪ, ಬಡ ದೇಶ.

ಸುಖಕ್ಕೆ ಅಡ್ಡಿಯಾಗುವ ಒಂದೆರಡು ಲೆಕ್ಕಗಳಿವೆ. ದಿವಾಳಿಯಾದ ಮೇಲೂ ಶ್ರೀಲಂಕೆಯ ತಲಾ ಆದಾಯ ಭಾರತದ್ದಕ್ಕಿಂತ ಹೆಚ್ಚು. ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲು ಸಾಯುವವರ ಸಂಖ್ಯೆ ಅಲ್ಲಿ ಒಂದಂಕಿಯಲ್ಲಿದೆ, ನಮ್ಮಲ್ಲಿ ಇಪ್ಪತ್ತರ ಮೇಲಿದೆ. ಅಲ್ಲಿ ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ಉಚಿತ ಶಿಕ್ಷಣ ಶುರುವಾದದ್ದು 1945ರಲ್ಲಿ, ಸಿ.ಡಬ್ಲ್ಯು.ಡಬ್ಲ್ಯು. ಕನ್ನಂಗರ ಶಿಕ್ಷಣ ಮಂತ್ರಿಯಾಗಿದ್ದಾಗ, ದೇಶ ಸ್ವತಂತ್ರವಾಗುವುದಕ್ಕೂ ಮೊದಲು. ಮಾಲ್ಡೀವ್ಸಿನ ಕಥೆ ಇನ್ನೂ ವಿಚಿತ್ರ. ವಿಶ್ವಸಂಸ್ಥೆ 2011ರಲ್ಲೇ ಅದನ್ನು ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ತೆಗೆದಿದೆ. ಅದರ ತಲಾ ಆದಾಯ ನಮ್ಮದಕ್ಕಿಂತ ಹಲವು ಪಟ್ಟು. ಯಾರು ಯಾರನ್ನು ನೋಡಿ ಪಾಪ ಅನ್ನಬೇಕು? ತಗಡಿನ ಮಾಡು, ಬರಿಗಾಲು, ನಿಧಾನ ಇವು ಬಡತನದ ಗುರುತುಗಳೆಂದು ನಾವು ಬರುವಾಗಲೇ ಮನಸ್ಸಿನಲ್ಲಿ ಬರೆದುಕೊಂಡು ಬಂದಿರುತ್ತೇವೆ. ಮೊದಲ ನೋಟಕ್ಕೆ ಕಾಣುವುದು ಆ ಪಟ್ಟಿಯೇ. ಕಡಲ ಹತ್ತಿರದ ಮರಳಿನ ಮೇಲೆ ನಡೆಯುವವನಿಗೆ ಚಪ್ಪಲಿ ಎಷ್ಟು ದೊಡ್ಡ ಉಪದ್ವ್ಯಾಪ ಎಂದು ಹಾಕಿಕೊಂಡು ನಡೆದವನಿಗಷ್ಟೇ ಗೊತ್ತು.

ಹಾಗಂತ ಶ್ರೀಲಂಕೆಯಲ್ಲಿ ಬಡವರಿಲ್ಲ ಅಂತ ನಾನು ಹೇಳುತ್ತಿಲ್ಲ. ಬೇಕಾದಷ್ಟು ಜನ ಇದ್ದಾರೆ. ಜಾಫ್ನಾ, ಮನ್ನಾರ್ ಕಡೆಯ ಮೀನುಗಾರರನ್ನೇ ನೋಡಿ. 1983ರಿಂದ 2009ರವರೆಗೆ ನಡೆದ ಯುದ್ಧದಲ್ಲಿ ಅವರಿಗೆ ಎಷ್ಟೋ ಕಾಲ ಕಡಲಿಗಿಳಿಯಲು ಬಿಡಲಿಲ್ಲ. ಯುದ್ಧ ಮುಗಿದು ದೋಣಿ ಬಲೆ ಹೊಂದಿಸಿಕೊಂಡು ಹೊರಟರೆ ಎದುರಿಗೆ ನಿಂತದ್ದು ನಮ್ಮ ಕಡೆಯ ಟ್ರಾಲರುಗಳು. ತಮಿಳುನಾಡಿನ ಬಂದರುಗಳಿಂದ ಹೊರಟು ಪಾಕ್ ಜಲಸಂಧಿಯ ಗಡಿ ದಾಟಿ, ತಳಬಲೆಯಿಂದ ಕಡಲಿನ ನೆಲವನ್ನೇ ಕೆರೆದು ತರುವ ಟ್ರಾಲರುಗಳು. ಅವು ದಾಟಿ ಹೋದಲ್ಲಿ ಜಾಫ್ನಾದವನ ಸಣ್ಣ ಬಲೆ ಹರಿದುಹೋಗುತ್ತದೆ, ಮೀನಿನ ಮರಿಯೂ ಉಳಿಯುವುದಿಲ್ಲ. 2017ರಲ್ಲಿ ಶ್ರೀಲಂಕೆ ತಳಬಲೆಯ ಮೀನುಗಾರಿಕೆಯನ್ನೇ ಕಾನೂನು ಮಾಡಿ ನಿಷೇಧಿಸಿತು. ನಮ್ಮ ಪತ್ರಿಕೆಗಳಲ್ಲಿ ಬರುವ ಸುದ್ದಿ ಮಾತ್ರ ಒಂದೇ: ಲಂಕಾ ನೌಕಾಪಡೆಯಿಂದ ಭಾರತೀಯ ಮೀನುಗಾರರ ಬಂಧನ. ಬಂಧನಕ್ಕೊಳಗಾಗುವವರೂ ಬಹುಪಾಲು ಕೂಲಿಗೆ ಹೋದ ಬಡವರೇ, ಟ್ರಾಲರಿನ ಯಜಮಾನ ದಂಡೆಯ ಮೇಲಿರುತ್ತಾನೆ. ಆ ಸಂಕಟವೂ ನಿಜವೇ. ಆದರೆ ಭಾರತದ ಪ್ರವಾಸಿಯೊಬ್ಬ ಮನ್ನಾರಿನ ದಂಡೆಯಲ್ಲಿ ನಿಂತು, ಖಾಲಿ ಬುಟ್ಟಿಯ ಮುದುಕನನ್ನು ನೋಡಿ, ಬಡತನದ ನಡುವೆಯೂ ಎಂಥ ನೆಮ್ಮದಿ ಅಂತ ಬರೆಯುವಾಗ ಆ ಬುಟ್ಟಿಯ ಮೀನು ಯಾವ ಕಡೆ ಹೋಯಿತು ಅಂತ ಒಂದು ಸಲ ತಿರುಗಿ ನೋಡಬೇಕಲ್ಲ.

ನನ್ನ ತಕರಾರು ಇರುವುದೇ ಇಲ್ಲಿ. ಮೊದಲ ನೋಟಕ್ಕೆ 'ಇಲ್ಲ' ಅನ್ನುವುದು ಕಾಣುತ್ತದೆ. 'ಹೋಯಿತು' ಅನ್ನುವುದು ಕಾಣುವುದಿಲ್ಲ. ರಸ್ತೆ ಇಲ್ಲ, ಕರೆಂಟು ಇಲ್ಲ, ಮೀನು ಇಲ್ಲ. ಇದ್ದದ್ದು ಎಲ್ಲಿಗೆ ಹೋಯಿತು, ಯಾರು ಒಯ್ದರು, ಯಾವ ವರ್ಷ ಅನ್ನುವುದಕ್ಕೆ ಕಣ್ಣು ಸಾಲದು, ಕೇಳಬೇಕು. ಕೇಳುವುದಕ್ಕೆ ಭಾಷೆ ಬೇಕು, ದಿನಗಳು ಬೇಕು. ಅವೆರಡೂ ಇಲ್ಲದವನು ಬಡತನವನ್ನು ಹವಾಮಾನದ ಹಾಗೆ ವರ್ಣಿಸುತ್ತಾನೆ: ಇಲ್ಲಿ ಸೆಖೆ, ಇಲ್ಲಿ ಮಳೆ, ಇಲ್ಲಿ ಬಡತನ.

ನಮ್ಮ ದಂಡೆಯಲ್ಲೂ ಹೀಗೇ ಆಗಿದೆ. ಈಗ ಕಾರವಾರದಿಂದ ಹೊನ್ನಾವರದವರೆಗೆ ಯಾವುದಾದರೂ ಕಡಲತೀರಕ್ಕೆ ಬಂದವನಿಗೆ ಉದ್ದಕ್ಕೆ ಬಿದ್ದಿರುವ ಮರಳು ಕಾಣುತ್ತದೆ. ನನ್ನ ಅಜ್ಜನ ಕಾಲದಲ್ಲಿ ಇಲ್ಲಿ ರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬಂದು, ಅದರ ಎರಡು ತುದಿಯ ಹಗ್ಗ ಹಿಡಿದು ಊರಿಗೆ ಊರೇ ದಂಡೆಯ ಮೇಲೆ ನಿಂತು ಎಳೆಯುವ ಕೆಲಸ ಅದು. ಬಂಗಡೆಯೋ ತಾರ್ಲೆಯೋ ರಾಶಿ ಬಿದ್ದರೆ ಎಳೆದವರಿಗೆಲ್ಲ ಪಾಲು. ಹಗ್ಗ ಹಿಡಿದ ವಿಧವೆಗೂ ಪಾಲು, ಹುಡುಗನಿಗೂ ಪಾಲು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ಮೀನಿನ ಹಿಂಡನ್ನು ದಂಡೆಗೆ ಬರುವ ಮೊದಲೇ ಸುತ್ತುವರಿದು ಎತ್ತತೊಡಗಿದ ಮೇಲೆ ರಂಪಣಿ ಸೋತಿತು. ಹೊಡೆದಾಟಗಳಾದವು, ಬಲೆ ಮೂಲೆಗೆ ಬಿತ್ತು. ಈಗಿನ ಪ್ರವಾಸಿ ಆ ಮರಳನ್ನು ನೋಡಿ 'ಜನರ ಗದ್ದಲವಿಲ್ಲದ ಕನ್ಯಾತೀರ' ಎಂದು ಬರೆಯುತ್ತಾನೆ. ಗದ್ದಲ ಇತ್ತು ಮಾರಾಯರೇ. ಅದನ್ನು ಒಯ್ದರು.

ಹಿಂದಿನ ಪ್ರವಾಸಿಗಳೆಲ್ಲ ಇದಕ್ಕಿಂತ ವಾಸಿಯಾಗಿದ್ದರು ಅಂತ ನಾನು ಹೇಳುವುದಿಲ್ಲ. ಕಾರವಾರದ ಎದುರಿಗೇ ಅಂಜದೀವ ಅನ್ನುವ ದ್ವೀಪವಿದೆ. ಆಡಳಿತಕ್ಕೆ ಗೋವೆಯದು, ಕಣ್ಣಿಗೆ ನಮ್ಮದು. 1498ರಲ್ಲಿ ಕಲ್ಲಿಕೋಟೆಯಿಂದ ಹಿಂತಿರುಗುವಾಗ ವಾಸ್ಕೋ ಡ ಗಾಮನ ಹಡಗುಗಳು ಇಲ್ಲಿ ತಂಗಿದ್ದವು. ಅವನ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿಯಲ್ಲಿ ದ್ವೀಪದ ಮೇಲೆ ಕಂಡ ಪಾಳು ಗುಡಿಯನ್ನು ಇಗರ್ಜಿ ಅಂದುಕೊಂಡಿದ್ದಾನೆ, ಒಳಗಿನ ಕರಿಕಲ್ಲುಗಳನ್ನು ಜನ ಪೂಜಿಸುತ್ತಿದ್ದರು ಅಂತಲೂ ಅವನೇ ಬರೆದಿದ್ದಾನೆ. ಕಲ್ಲಿಕೋಟೆಯಲ್ಲೂ ಇವರು ದೇವಸ್ಥಾನವನ್ನು ಇಗರ್ಜಿಯೆಂದು ತಿಳಿದು ಮೊಣಕಾಲೂರಿದವರು. ಏನನ್ನು ನೋಡಲು ಬಂದಿದ್ದರೋ ಅದೇ ಕಂಡಿತು. ಏಳೇ ವರ್ಷದಲ್ಲಿ, 1505ರಲ್ಲಿ, ಅದೇ ದ್ವೀಪದಲ್ಲಿ ಪೋರ್ಚುಗೀಸರ ಕೋಟೆ ಎದ್ದಿತು. 1662ರಲ್ಲಿ ಇಂಗ್ಲಿಷರ ಸರದಿ. ರಾಜನ ಮದುವೆಯ ಬಳುವಳಿಯಾಗಿ ಬರಬೇಕಿದ್ದ ಮುಂಬಯಿಯನ್ನು ಪೋರ್ಚುಗೀಸರು ಬಿಟ್ಟುಕೊಡದೆ ಸತಾಯಿಸಿದಾಗ, ಅಬ್ರಹಾಂ ಶಿಪ್‌ಮನ್ ತನ್ನ ಸುಮಾರು 400 ಸೈನಿಕರೊಂದಿಗೆ ಅಂಜದೀವದಲ್ಲಿ ಕಾಯುತ್ತ ಕೂತ. ದಡದಿಂದ ನೋಡಿದರೆ ಈಗಲೂ ಚಿತ್ರದಂಥ ದ್ವೀಪ ಅದು. 1665ರಲ್ಲಿ ಮುಂಬಯಿ ಕೈಗೆ ಬರುವ ಹೊತ್ತಿಗೆ ಸೈನಿಕರಲ್ಲಿ ಉಳಿದವರು ನೂರರ ಆಸುಪಾಸು, ಶಿಪ್‌ಮನ್ ಕೂಡ ಅಲ್ಲೇ ಸತ್ತಿದ್ದ.

ಇವರೆಲ್ಲರಿಗಿಂತ ಹಿಂದೆ, ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ, ನಮ್ಮ ಕರಾವಳಿಗೆ ಬಂದವನು ಇಬ್ನ್ ಬತೂತ. ಹೊನ್ನಾವರದಲ್ಲಿ ಅವನು ಒಂದು ಕೆಲಸ ಮಾಡಿದ, ಎಣಿಸಿದ. ಹುಡುಗಿಯರ ಶಾಲೆ 13, ಹುಡುಗರ ಶಾಲೆ 23 ಅಂತ ಬರೆದಿಟ್ಟ. ಈ ಎರಡು ಸಂಖ್ಯೆಗಳು ಏಳುನೂರು ವರ್ಷಗಳ ನಂತರವೂ ನನ್ನ ವಿದ್ಯಾರ್ಥಿನಿಯರನ್ನು ಬೆಚ್ಚಿಬೀಳಿಸುತ್ತವೆ. ಹೊನ್ನಾವರದ ಜನ ಬಡವರಾದರೂ ನಗುತ್ತಾರೆ ಅಂತ ಬರೆದಿದ್ದರೆ ಯಾರು ನೆನಪಿಡುತ್ತಿದ್ದರು? ಇಲ್ಲಿಂದ ಮುಂದೆ ಅವನು ಮಾಲ್ಡೀವ್ಸಿಗೆ ಹೋದ. ಅಲ್ಲಿ ಖಾಜಿಯಾದ, ಮದುವೆಗಳಾದ, ಜಗಳವಾಡಿದ, ಹೋಗಿ ಬಂದು ಮಾಡಿ ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿದ್ದ. ತೆಂಗಿನ ನಾರನ್ನು ಹೇಗೆ ಹದಮಾಡಿ ಹುರಿ ಹೊಸೆಯುತ್ತಾರೆ, ಆ ಹುರಿಯಿಂದ ಹಡಗಿನ ಹಲಗೆಗಳನ್ನು ಹೇಗೆ ಹೊಲಿಯುತ್ತಾರೆ, ಒಂದು ಚಿನ್ನದ ದಿನಾರಕ್ಕೆ ನಾಲ್ಕು ಲಕ್ಷ ಕವಡೆ ಬರುತ್ತದೆ, ಬೆಲೆ ಬಿದ್ದರೆ ಹನ್ನೆರಡು ಲಕ್ಷದವರೆಗೂ ಹೋಗುತ್ತದೆ ಎಂದೆಲ್ಲ ಬರೆದ. ಅವನಲ್ಲಿ ಹುಳುಕೂ ಇತ್ತು. ಅಲ್ಲಿನ ಹೆಂಗಸರು ಸೊಂಟದ ಮೇಲೆ ಬಟ್ಟೆ ಹಾಕುವುದಿಲ್ಲವೆಂದು ಸಿಟ್ಟಾಗಿ, ಅಧಿಕಾರ ಬಳಸಿ ಹಾಕಿಸಲು ಹೋಗಿ ಸೋತ. ಆದರೆ ಆ ಸೋಲನ್ನೂ ಬರೆದಿಟ್ಟ. ಜನರ ಸ್ವಭಾವದ ಬಗ್ಗೆ ತೀರ್ಪು ಕೊಡುವಾಗ ಅವನೂ ನಮ್ಮ ಪ್ರವಾಸಿಯ ಹಾಗೆಯೇ. ಹುರಿ, ಕವಡೆ, ಶಾಲೆಗಳ ಮಾತು ಬಂದಾಗ ಮಾತ್ರ ನಂಬಬಹುದಾದ ಮನುಷ್ಯ.

ಹೊಸ ಕಣ್ಣಿಗೆ ಒಂದು ಶಕ್ತಿ ಇರುತ್ತದೆ, ಊರಿನವರಿಗೆ ಕಾಣದ್ದು ಅದಕ್ಕೆ ಕಾಣುತ್ತದೆ ಅನ್ನುವವರಿದ್ದಾರೆ. ಒಪ್ಪುತ್ತೇನೆ. 1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಟಾಗೋರರು, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಕಾರವಾರಕ್ಕೆ ಬಂದರು. ಇಲ್ಲಿದ್ದಾಗ ಬರೆದದ್ದು 'ಪ್ರಕೃತಿರ್ ಪ್ರತಿಶೋಧ್' ನಾಟಕ. ಅದರಲ್ಲಿರುವುದು ಒಬ್ಬ ಸನ್ಯಾಸಿಯ ಒಳಗಿನ ಕಥೆ. ಕಡಲು ನೋಡಿ ತನ್ನೊಳಗೆ ಏನಾಯಿತೋ ಅದನ್ನು ಬರೆದರು, ಕಾರವಾರದವರು ಎಂಥವರು ಎಂದು ಅವರು ನಾಟಕದಲ್ಲಿ ತೀರ್ಪು ಕೊಡಲಿಲ್ಲ. ಮೊದಲ ನೋಟದಿಂದ ಇಂಥದು ಹುಟ್ಟುವುದಾದರೆ ಯಾರ ತಕರಾರೂ ಇಲ್ಲ. (ಆ ಕಡಲತೀರಕ್ಕೆ ಈಗ ಅವರದೇ ಹೆಸರಿದೆ. ಕೆಲವು ಕಾಲ ಇದ್ದು ಹೋದವರ ಹೆಸರು ಫಲಕಕ್ಕೆ ಬರುತ್ತದೆ, ಅಲ್ಲೇ ಬಲೆ ಎಳೆದವರದು ಬರುವುದಿಲ್ಲ. ಇದರಲ್ಲಿ ಟಾಗೋರರ ತಪ್ಪೇನಿಲ್ಲ, ಬಿಡಿ.)

ಇಷ್ಟೆಲ್ಲ ಸಿಟ್ಟು ಯಾಕೆ, ಒಬ್ಬ ನಿವೃತ್ತ ಮೇಷ್ಟರು ಒಂದು ವಾರದ ಪ್ರವಾಸ ಮಾಡಿ ನಾಲ್ಕು ಪುಟ ಬರೆದುಕೊಂಡರೆ ಯಾರಿಗೇನು ನಷ್ಟ ಅಂತ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ನಷ್ಟವಿದೆ. 'ಖಾಲಿ' ಅನ್ನುವ ಶಬ್ದ ಪ್ರವಾಸ ಕಥನದಲ್ಲಿ ಉಳಿದುಕೊಂಡಿದ್ದರೆ ನನಗೂ ಸಿಟ್ಟು ಬರುತ್ತಿರಲಿಲ್ಲ. ಅದು ಅಲ್ಲಿಂದ ಎದ್ದು ಬೇರೆ ಕಡೆ ನಡೆಯುತ್ತದೆ.

1798ರಲ್ಲಿ ಜಾನ್ ಫಿಯರ್ನ್ ಎಂಬ ಕಪ್ತಾನ ಶಾಂತಸಾಗರದ ಸಣ್ಣ ದ್ವೀಪವೊಂದನ್ನು ಹಡಗಿನಿಂದ ನೋಡಿ ಮೆಚ್ಚಿ, 'ಪ್ಲೆಸೆಂಟ್ ಐಲ್ಯಾಂಡ್', ಅಂದರೆ ಆಹ್ಲಾದದ ದ್ವೀಪ, ಅಂತ ಹೆಸರಿಟ್ಟ. ಅದೇ ಈಗಿನ ನೌರು ದೇಶ. ಇಪ್ಪತ್ತನೆಯ ಶತಮಾನದ ಬಹುಭಾಗ ಹೊರಗಿನವರು ಅಲ್ಲಿಯ ಫಾಸ್ಫೇಟ್ ಅಗೆದು ತಮ್ಮ ಹೊಲಗಳಿಗೆ ಗೊಬ್ಬರ ಮಾಡಿಕೊಂಡರು. ದ್ವೀಪದ ಐದರಲ್ಲಿ ನಾಲ್ಕು ಪಾಲು ನೆಲ ಬರಿ ಸುಣ್ಣಗಲ್ಲಿನ ಮೊಳೆಗಳಾಗಿ ನಿಂತಿದೆ. ಹೋದವರು ಈಗ ಬರೆಯುವುದು: ಬರಡು ದ್ವೀಪ. ಎರಡು ಮೊದಲ ನೋಟಗಳ ನಡುವೆ ಒಂದು ದೇಶದ ಮಣ್ಣೇ ಹೋಗಿದೆ.

ನಮ್ಮ ಜಿಲ್ಲೆಯಲ್ಲಿ ಕಾರವಾರದ ದಕ್ಷಿಣದ ಕಡಲತೀರ ನೌಕಾನೆಲೆಗೆ ಅನುಕೂಲವಾಗಿ ಕಂಡಿತು. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. ಅರ್ಗಾ, ಬಿಣಗಾ ಕಡೆಯ ಊರುಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ತೋಡೂರು, ಮುದಗಾ ಮುಂತಾದ ಕಡೆ ಹೋಗಿ ಕೂತವು. ಪರಿಹಾರದ ದಾವೆಗಳು ಒಂದು ತಲೆಮಾರು ದಾಟಿ ನಡೆದವು. ಅಂಜದೀವಕ್ಕೂ ಈಗ ಸಾಮಾನ್ಯರು ಹೋಗುವಂತಿಲ್ಲ, ಅಲ್ಲಿಯ ಇಗರ್ಜಿಯ ಹಬ್ಬಕ್ಕೆ ದೋಣಿ ಕಟ್ಟಿಕೊಂಡು ಹೋಗುತ್ತಿದ್ದವರು ದಡದಿಂದಲೇ ನೋಡಬೇಕು. ದೇಶದ ರಕ್ಷಣೆ ಬೇಡವೆನ್ನುವವಳು ನಾನಲ್ಲ. ಆದರೆ ಇನ್ನೈವತ್ತು ವರ್ಷಕ್ಕೆ ಯಾರಾದರೂ ಆ ದ್ವೀಪವನ್ನು ನೋಡಿ 'ಮನುಷ್ಯರ ಸುಳಿವೇ ಇಲ್ಲದ ನಿರ್ಜನ ದ್ವೀಪ' ಅಂತ ಬರೆಯುತ್ತಾರೆ, ನೋಡುತ್ತಿರಿ.

ಈಗ ಕೇಣಿಯ ಸರದಿ. 2023ರ ನವೆಂಬರಿನಲ್ಲಿ ಇಲ್ಲಿ ಬಂದರು ಕಟ್ಟುವ ಗುತ್ತಿಗೆ ಖಾಸಗಿ ಕಂಪನಿಗೆ ಹೋಯಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ, ಮೊದಲ ಹಂತದಲ್ಲಿ ವರ್ಷಕ್ಕೆ 3 ಕೋಟಿ ಟನ್ ಸರಕು. 2025ರ ಫೆಬ್ರವರಿಯಲ್ಲಿ ಸಮುದ್ರದ ಸರ್ವೆಗೆ ಬಂದಾಗ ಊರಿನಲ್ಲಿ ನಿಷೇಧಾಜ್ಞೆ, ಪೊಲೀಸರು, ಕಡಲಿಗಿಳಿದು ನಿಂತ ಹೆಂಗಸರು ಗಂಡಸರು. ಈ ಬಂದರಿಗೆ ಕಾಗದಪತ್ರಗಳಲ್ಲಿ ಒಂದು ವಿಶೇಷಣ ಇದೆ: 'ಗ್ರೀನ್‌ಫೀಲ್ಡ್'. ಹಿಂದೆ ಏನೂ ಕಟ್ಟಿಲ್ಲದ ಜಾಗದಲ್ಲಿ ಹೊಸದಾಗಿ ಕಟ್ಟುವುದಕ್ಕೆ ಇಂಜಿನಿಯರುಗಳು ಹಾಗನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಸರಿಯೇ, ಇಲ್ಲಿ ಕಾಂಕ್ರೀಟು ಇಲ್ಲ. ಮೀನು ಒಣಗಿಸುವ ಮರಳಿದೆ, ದೋಣಿ ಎಳೆದು ನಿಲ್ಲಿಸುವ ಇಳಿಜಾರಿದೆ, ಪಾತಿದೋಣಿಯಲ್ಲಿ ಹೋಗಿ ಶೆಟ್ಲಿ ಹಿಡಿಯುವ ಅಳಿವೆಯ ಬಾಯಿದೆ. ಇವು ಯಾವ ಕಟ್ಟಡದ ಪಟ್ಟಿಯಲ್ಲೂ ಬರುವುದಿಲ್ಲ. ಪ್ರವಾಸಿಯ 'ಖಾಲಿ ಕಡಲತೀರ'ಕ್ಕೂ ಇಂಜಿನಿಯರನ ಗ್ರೀನ್‌ಫೀಲ್ಡಿಗೂ ನಡುವೆ ನನಗೆ ಕಾಣುವ ವ್ಯತ್ಯಾಸ ಅವರ ಸಂಬಳದ್ದು ಮಾತ್ರ. ಬಂದರು ಬೇಕೋ ಬೇಡವೋ ಎಂದು ವಾದ ಮಾಡೋಣ. ಬೇಕು ಅನ್ನುವವರು ಊರಿನಲ್ಲೂ ಇದ್ದಾರೆ, ಅವರಿಗೂ ಮಕ್ಕಳ ಕೆಲಸದ ಚಿಂತೆ ಇದೆ. ಪಕ್ಕದ ಬೇಲೆಕೇರಿಯಲ್ಲಿ ಬಂದರು ಬಂದು, ವಶಪಡಿಸಿಕೊಂಡಿಟ್ಟ ಲಕ್ಷಾಂತರ ಟನ್ ಅದಿರೇ 2010ರಲ್ಲಿ ಹಡಗು ಹತ್ತಿ ಮಾಯವಾದದ್ದನ್ನು ಕಂಡ ಮೇಲೂ ಆ ಆಸೆ ಉಳಿದಿದೆ ಅಂದರೆ ಅದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಆದರೆ ವಾದ ಶುರುವಾಗಬೇಕಾದದ್ದು ಇಲ್ಲಿ ಏನೇನು ಇದೆ ಅನ್ನುವಲ್ಲಿಂದ. ಏನೂ ಇಲ್ಲ ಅನ್ನುವಲ್ಲಿಂದ ಶುರುವಾದರೆ ನಾವು ಬಾಯಿ ತೆರೆಯುವ ಮೊದಲೇ ಸೋತಿರುತ್ತೇವೆ. ಶ್ರೀಲಂಕೆಯ ಹಂಬನತೋಟದಲ್ಲಿಯೂ ದೊಡ್ಡ ಬಂದರು ಬಂತು. ಹಡಗುಗಳು ನಿರೀಕ್ಷಿಸಿದಷ್ಟು ಬರಲಿಲ್ಲ, 2017ರಲ್ಲಿ ಅದನ್ನು 99 ವರ್ಷಕ್ಕೆ ಚೀನೀ ಕಂಪನಿಗೆ ಗುತ್ತಿಗೆ ಕೊಟ್ಟರು. ಅಲ್ಲಿಗೆ ಹೋದ ನಮ್ಮ ಪ್ರವಾಸಿ ಆ ಊರಿನವರ ಹತ್ತಿರ ಬಂದರಿನ ಬಗ್ಗೆ ಒಂದು ಮಾತು ಕೇಳಿ ಬಂದಿದ್ದರೆ ಕೇಣಿಯವರು ಕಿವಿಗೊಟ್ಟು ಕೂತು ಕೇಳುತ್ತಿದ್ದೆವು. ಅವನು ತಂದದ್ದು ಸೂರ್ಯಾಸ್ತದ ಫೋಟೋ.

ನನ್ನ ಅಣ್ಣ ಹದಿನೆಂಟು ವರ್ಷ ಸರಕು ಹಡಗಿನಲ್ಲಿ ದುಡಿದವನು. ಕೊಲಂಬೊ, ಪೋರ್ಟ್ ಲೂಯಿ, ಮಡಗಾಸ್ಕರಿನ ತೊಮಾಸಿನ ಎಲ್ಲ ಕಂಡಿದ್ದಾನೆ. ಆ ದೇಶಗಳು ಹೇಗಿವೆ ಅಂತ ಕೇಳಿದರೆ, "ನಾನು ಧಕ್ಕೆ ನೋಡಿದ್ದೇನೆ, ದೇಶ ನೋಡ್ಲಿಲ್ಲ" ಅನ್ನುತ್ತಾನೆ. ಧಕ್ಕೆಯ ಬಗ್ಗೆ ಕೇಳಿದರೆ ಮಾತ್ರ ರಾತ್ರಿಯೆಲ್ಲ ಹೇಳುತ್ತಾನೆ. ಹಗ್ಗ ಹಿಡಿಯುವವರು ಎಷ್ಟು ಜನ, ಯಾರಿಗೆ ಯಾರು ಲಂಚ ಕೊಡುತ್ತಾರೆ, ಹಳೆಯ ಪೇಂಟಿನ ಡಬ್ಬಿಯನ್ನು ಯಾಕೆ ಕೇಳಿ ಒಯ್ಯುತ್ತಾರೆ, ತೂತು ಬಿದ್ದ ಡ್ರಮ್ಮನ್ನು ಯಾರು ಕೊಳ್ಳುತ್ತಾರೆ. ಅವನು ಒಂದು ಸಾಲೂ ಬರೆದವನಲ್ಲ. ಬರೆದಿದ್ದರೆ ಕನ್ನಡದಲ್ಲಿ ಒಂದು ಒಳ್ಳೆಯ ಪ್ರವಾಸ ಕಥನ ಇರುತ್ತಿತ್ತು. ಬರೆಯಲು ಬಿಡುವಿದ್ದವರು ಧಕ್ಕೆಗೆ ಹೋಗುವುದಿಲ್ಲ.

ಸಂಪಾದಕರಿಗೆ ಒಂದು ಮಾತು. ಒಂದು ವಾರದ ಪ್ರವಾಸದ ಲೇಖನ ಬಂದಾಗ ಪ್ರಕಟಿಸಬೇಡಿ ಅಂತ ಹೇಳುವ ಹಕ್ಕು ನನಗಿಲ್ಲ. ದೇಶದ ಹೆಸರು ಹೊಡೆದುಹಾಕಿ ಒಮ್ಮೆ ಓದಿ. ಬೇರೆ ಯಾವ ಊರಿಗಾದರೂ ಹೊಂದಿದರೆ ವಾಪಸು ಕಳಿಸಿ. ಎಷ್ಟು ದಿನ ಇದ್ದಿರಿ, ಯಾವ ಭಾಷೆಯಲ್ಲಿ ಮಾತಾಡಿದಿರಿ, ಗೈಡ್ ಬಿಟ್ಟು ಬೇರೆ ಯಾರ ಜೊತೆ ಮಾತಾಡಿದಿರಿ ಅಂತ ಕೇಳಿ, ಉತ್ತರವನ್ನು ಲೇಖನದ ತಲೆಯಲ್ಲೇ ಅಚ್ಚುಮಾಡಿ. ಓದುವವರು ಉಳಿದದ್ದನ್ನು ನೋಡಿಕೊಳ್ಳುತ್ತಾರೆ.

ಮೇಲೆ ಹೇಳಿದ ಸಹೋದ್ಯೋಗಿ ಈಗ ಸಂಸಾರ ಸಮೇತ ಶ್ರೀಲಂಕೆಗೆ ಹೊರಟಿದ್ದಾರೆ. ಬಂದ ಮೇಲೆ ಬರೆಯುವವರೂ ಹೌದು. ನೆಗೊಂಬೊದಲ್ಲಿ ದಂಡೆಯ ಉದ್ದಕ್ಕೂ ಮೀನು ಒಣಗಿಸುತ್ತಾರಂತೆ, ಅಲ್ಲಿಗೆ ಹೋದರೆ ಬಂಗಡೆಯ ರೇಟು ಎಷ್ಟು, ಅದನ್ನು ಯಾರು ಕಟ್ಟುತ್ತಾರೆ, ಒಣಗಿಸುವ ಹೆಂಗಸರಿಗೆ ದಿನಗೂಲಿಯೋ ಪಾಲೋ, ಮಳೆ ಬಂದರೆ ನಷ್ಟ ಯಾರದು ಎಂದು ಕೇಳಿಕೊಂಡು ಬನ್ನಿ ಅಂದೆ. "ಅದನ್ನೆಲ್ಲ ಯಾರು ಓದ್ತಾರೆ ಮೇಡಂ?" ಅಂದರು. ನಮ್ಮ ಆಯಿ ಅಂದೆ. ಅವಳಿಗೆ ಅಕ್ಷರ ಬರುವುದಿಲ್ಲ, ನಾನು ಓದಿ ಹೇಳುತ್ತೇನೆ. ಅವರು ಚೀಟಿಯಲ್ಲಿ ಬರೆದುಕೊಂಡು ಕಿಸೆಗೆ ಹಾಕಿಕೊಂಡರು. ಟಿಕೆಟ್ಟು ಜನವರಿಯ ಎರಡನೆಯ ವಾರಕ್ಕಿದೆ.